ಹಾಡಿಯಿಂದ ಫಿಲ್ಮ್ ಸ್ಕೂಲಿಗೆ ಎಷ್ಟು ದೂರ?

2006ರಲ್ಲಿ ತೆರೆಕಂಡ ‘ಫೋಟೊಗ್ರಾಫರ್’ ಮಲಯಾಳಂ ಸಿನಿಮಾದಲ್ಲಿ ಮೋಹನ್‌ಲಾಲ್ ಎದುರು ನಟಿಸಿದ ಹುಡುಗನೊಬ್ಬ ಆ ವರ್ಷದ ಕೇರಳ ರಾಜ್ಯ ಪ್ರಶಸ್ತಿಗಳಲ್ಲಿ ಅತ್ಯುತ್ತಮ ಬಾಲನಟ ಎನಿಸಿಕೊಂಡ. ಹೆಸರು ಮಣಿ, ವಯನಾಡಿನ ಪಣಿಯ ಸಮುದಾಯದವನು. ಮುತ್ತಂಗದ ಭೂಹೋರಾಟದ ನೆರಳಿನಲ್ಲಿ ಹೆಣೆದ ಕಥೆ ಅದು. ಗುಂಡ್ಲುಪೇಟೆಯಿಂದ ಸುಲ್ತಾನ್ ಬತ್ತೇರಿಗೆ ಹೋಗುವಾಗ ಕಾಡು ಮುಗಿಯುವಲ್ಲಿ ಚೆಕ್‌ಪೋಸ್ಟ್ ಸಿಗುತ್ತದಲ್ಲ, ಅದೇ ಮುತ್ತಂಗ. 2003ರ ಫೆಬ್ರುವರಿ 19ರಂದು ಅಲ್ಲಿ ಆದಿವಾಸಿಗಳ ಮೇಲೆ ಗೋಲಿಬಾರ್ ನಡೆದಿತ್ತು.

ಪ್ರಶಸ್ತಿ ಬಂದ ಮೇಲೆ ಸಿನಿಮಾದವರು ಮಣಿಯನ್ನು ಮರೆತರು. ಹುಡುಗ ಶಾಲೆ ಬಿಟ್ಟ, ಕೂಲಿಗೆ ಹೋದ, ಸಂಸಾರಸ್ಥನಾದ. ಹನ್ನೆರಡು ವರ್ಷಗಳ ನಂತರ ಉಣ್ಣಿಕೃಷ್ಣನ್ ಆವಳ ತಮ್ಮ ‘ಉಡಲಾಳಂ’ ಚಿತ್ರಕ್ಕೆ ನಾಯಕನನ್ನು ಹುಡುಕುತ್ತ ಮತ್ತೆ ಈತನ ಬಾಗಿಲಿಗೆ ಬಂದರು. ಗುಳಿಕನ್ ಎಂಬ ಟ್ರಾನ್ಸ್‌ಜೆಂಡರ್ ಆದಿವಾಸಿಯ ಪಾತ್ರ. ಮಣಿ ಅದನ್ನು ಎಷ್ಟು ಸಲೀಸಾಗಿ ನಿಭಾಯಿಸಿದರೆಂದರೆ, ಚಿತ್ರ ನೋಡಿದವರೆಲ್ಲ ಕೇಳಿದ ಪ್ರಶ್ನೆ ಒಂದೇ: ಇಷ್ಟು ದಿನ ಇವರು ಎಲ್ಲಿದ್ದರು? ಎಲ್ಲಿಗೂ ಹೋಗಿರಲಿಲ್ಲ. ವಯನಾಡಿನಲ್ಲೇ ಇದ್ದರು.

ಹನ್ನೆರಡರ ಹುಡುಗನಲ್ಲಿ ಪ್ರತಿಭೆ ಕಂಡರೆ ಅದನ್ನು ಕಲಿಕೆಯ ಹಾದಿಗೆ ಹಚ್ಚುವ ಒಂದು ಏರ್ಪಾಡು ಇರಬೇಕು. ಸಂಗೀತಕ್ಕೆ ಗುರುಗಳಿದ್ದಾರೆ, ಆಟಕ್ಕೆ ಕ್ರೀಡಾ ವಸತಿ ಶಾಲೆಗಳಿವೆ. ಸಿನಿಮಾಕ್ಕೆ ಇರುವುದು ಫಿಲ್ಮ್ ಸ್ಕೂಲು. ವಯನಾಡಿನ ಹಾಡಿಯಿಂದ ಅಲ್ಲಿಗೆ ದಾರಿ ಇದೆಯೇ?

ಸಿನಿಮಾ ಮಾತ್ರ ವಯನಾಡಿಗೆ ದಾರಿ ಹುಡುಕಿಕೊಂಡು ಐವತ್ತು ವರ್ಷಗಳ ಹಿಂದೆಯೇ ಬಂದಿತ್ತು. ತಿರುನೆಲ್ಲಿಯ ಆದಿವಾಸಿಗಳ ಜೀತದ ಬದುಕನ್ನು ಕುರಿತ ಪಿ. ವತ್ಸಲಾ ಅವರ ‘ನೆಲ್ಲು’ ಕಾದಂಬರಿಯನ್ನು ರಾಮು ಕಾರ್ಯಾಟ್ 1974ರಲ್ಲಿ ತೆರೆಗೆ ತಂದರು. ತಂಡವೋ ಘಟಾನುಘಟಿಗಳದು. ಕ್ಯಾಮೆರಾ ಬಾಲು ಮಹೇಂದ್ರ, ಸಂಕಲನ ಹೃಷಿಕೇಶ್ ಮುಖರ್ಜಿ, ಸಂಗೀತ ಸಲಿಲ್ ಚೌಧರಿ. ಲತಾ ಮಂಗೇಶ್ಕರ್ ಮಲಯಾಳಂನಲ್ಲಿ ಹಾಡಿದ್ದೂ ಇದಕ್ಕೇ. ಅಡಿಯರ ಹುಡುಗಿ ಮಾರಾ ಆಗಿ ಜಯಭಾರತಿ, ಜೊತೆಗೆ ಪ್ರೇಮ್ ನಜೀರ್. ಕಾಡು, ಗದ್ದೆ, ದುಡಿಯ ಸದ್ದು, ಕಣ್ಣೀರು ವಯನಾಡಿನವು, ಉಳಿದದ್ದೆಲ್ಲ ಹೊರಗಿನದು. ಅಂದಿನ ಕಾಲಕ್ಕೆ ಅದು ದೊಡ್ಡ ಚಿತ್ರವೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅದು ಹಾಕಿಕೊಟ್ಟ ಮೇಲ್ಪಂಕ್ತಿ ಇವತ್ತಿಗೂ ಅಳಿಸಿಲ್ಲ. ಕಥೆ ಬೇಕು, ಮುಖ ಬೇಕು, ಕಥೆ ಹೇಳುವವರು ಮಾತ್ರ ಅಲ್ಲಿಯವರಾಗಬೇಕಿಲ್ಲ.

ಈಗ ಸ್ವಲ್ಪ ಲೆಕ್ಕ. 2011ರ ಜನಗಣತಿಯಂತೆ ವಯನಾಡಿನ ಜನಸಂಖ್ಯೆ 8,17,420. ಅದರಲ್ಲಿ ಪರಿಶಿಷ್ಟ ಪಂಗಡದವರು ಒಂದೂವರೆ ಲಕ್ಷ, ಅಂದರೆ ಶೇ 18.5. ಇಡೀ ಕೇರಳದಲ್ಲಿ ಈ ಪ್ರಮಾಣ ಶೇ 1.45 ಮಾತ್ರ, ರಾಜ್ಯದ ಆದಿವಾಸಿಗಳಲ್ಲಿ ಮೂರರಲ್ಲೊಬ್ಬರು ಈ ಒಂದೇ ಜಿಲ್ಲೆಯಲ್ಲಿದ್ದಾರೆ. ಪಣಿಯ, ಅಡಿಯ, ಕುರಿಚ್ಯ, ಮುಳ್ಳು ಕುರುಮ, ಊರಾಳಿ ಕುರುಮ, ಕಾಟ್ಟುನಾಯ್ಕ ಎಲ್ಲ ಸೇರಿ. ಕಾಟ್ಟುನಾಯ್ಕರೆಂದರೆ ನಮ್ಮ ಎಚ್.ಡಿ. ಕೋಟೆ, ಕೊಡಗಿನ ಜೇನು ಕುರುಬರ ಬಳಗ. ಅವರ ಮಾತು ಕನ್ನಡದ ಕಿವಿಗೆ ತೀರ ಹತ್ತಿರ.

ಕೇರಳದ ವೃತ್ತಿಪರ ಕೋರ್ಸ್‌ಗಳಲ್ಲಿ ಮೀಸಲಾತಿ ಪರಿಶಿಷ್ಟ ಜಾತಿಗೆ ಶೇ 8, ಪಂಗಡಕ್ಕೆ ಶೇ 2. ನೂರಾರು ಸೀಟುಗಳ ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದಕ್ಕೊಂದು ಅರ್ಥವಿದೆ. ಆದರೆ ಫಿಲ್ಮ್ ಸ್ಕೂಲಿನಲ್ಲಿ ಛಾಯಾಗ್ರಹಣಕ್ಕೆ ಹತ್ತು, ಸಂಕಲನಕ್ಕೆ ಹತ್ತು, ಧ್ವನಿಗ್ರಹಣಕ್ಕೆ ಹತ್ತು, ಹೀಗೆ ಬೆರಳೆಣಿಕೆಯ ಸೀಟುಗಳು. ಹತ್ತರಲ್ಲಿ ಶೇ 2 ಎಂದರೆ ಒಂದು ಸೀಟಿನ ಐದನೆಯ ಒಂದು ಭಾಗ. ಕಾಗದದ ಮೇಲೆ ನ್ಯಾಯ ಇದೆ, ಬೆಂಚಿನ ಮೇಲೆ ಕೂರಲು ಜಾಗ ಇಲ್ಲ. ಎಲ್ಲ ವಿಭಾಗಗಳನ್ನೂ ಒಟ್ಟಿಗೆ ಲೆಕ್ಕ ಹಿಡಿದು ಸರದಿಯಲ್ಲಿ ಹಂಚದಿದ್ದರೆ ಆ ಭಾಗ ಎಂದಿಗೂ ಒಬ್ಬ ಪೂರ್ಣ ವಿದ್ಯಾರ್ಥಿಯಾಗುವುದಿಲ್ಲ. ಫಿಲ್ಮ್ ಸ್ಕೂಲುಗಳಲ್ಲಿ ಎಲ್ಲರಿಗೂ ಜಾಗ ಸಿಗಬೇಕು ಎಂದು ಭಾಷಣ ಮಾಡುವವರು ಮೊದಲು ಈ ಭಿನ್ನರಾಶಿಯನ್ನು ಬಿಡಿಸಬೇಕು.

ಕೇರಳದಲ್ಲಿ ಈ ವಿಷಯ ಬೀದಿಗೆ ಬಂದದ್ದು 2022ರ ಡಿಸೆಂಬರ್‌ನಲ್ಲಿ, ವಯನಾಡಿನಿಂದ ದೂರದ ಕೋಟ್ಟಯಂ ಜಿಲ್ಲೆಯ ತೆಕ್ಕುಂತಲದಲ್ಲಿ. ಅಲ್ಲಿರುವುದು ಸರ್ಕಾರದ ಫಿಲ್ಮ್ ಸ್ಕೂಲು, ಹೆಸರು ಕೆ.ಆರ್. ನಾರಾಯಣನ್ ರಾಷ್ಟ್ರೀಯ ದೃಶ್ಯವಿಜ್ಞಾನ ಮತ್ತು ಕಲಾ ಸಂಸ್ಥೆ. ದೇಶದ ಮೊದಲ ದಲಿತ ರಾಷ್ಟ್ರಪತಿ ನಾರಾಯಣನ್ ಹುಟ್ಟಿದ ಉಳವೂರು ಅದೇ ಜಿಲ್ಲೆಯದು. ಅಂಥವರ ಹೆಸರು ಹೊತ್ತ ಸಂಸ್ಥೆಯ ವಿದ್ಯಾರ್ಥಿಗಳು ತಮ್ಮಲ್ಲಿ ಜಾತಿ ತಾರತಮ್ಯ ನಡೆಯುತ್ತಿದೆ ಎಂದು ಮುಷ್ಕರ ಹೂಡಿದರು. ಮೀಸಲಾತಿ ನಿಯಮ ಗಾಳಿಗೆ ತೂರಿ ಅರ್ಹ ದಲಿತ ಅಭ್ಯರ್ಥಿಗೆ ಪ್ರವೇಶ ತಪ್ಪಿಸಲಾಗಿದೆ ಎಂಬುದು ಒಂದು ದೂರು. ಸಂಸ್ಥೆಯ ಸ್ವಚ್ಛತಾ ಕೆಲಸದ ಮಹಿಳೆಯರನ್ನು ನಿರ್ದೇಶಕರ ಮನೆಯ ಶೌಚಾಲಯ ತೊಳೆಯಲು ಹಚ್ಚಲಾಗಿದೆ ಎಂಬುದು ಇನ್ನೊಂದು. ನಿರ್ದೇಶಕ ಶಂಕರ್ ಮೋಹನ್ ಆರೋಪಗಳನ್ನು ನಿರಾಕರಿಸಿದರು. ಸಂಸ್ಥೆಯ ಅಧ್ಯಕ್ಷ ಅಡೂರ್ ಗೋಪಾಲಕೃಷ್ಣನ್ ಅವರ ಬೆನ್ನಿಗೆ ನಿಂತರು.

ವಿದ್ಯಾರ್ಥಿಗಳು ತಿರುವನಂತಪುರದ ಚಿತ್ರೋತ್ಸವಕ್ಕೂ ಹೋಗಿ ಫಲಕ ಹಿಡಿದರು. ಜಿಲ್ಲಾಡಳಿತ ಕ್ಯಾಂಪಸ್ಸನ್ನೇ ಕೆಲವು ದಿನ ಮುಚ್ಚಿಸಿತು. ಸರ್ಕಾರ ವಿಚಾರಣಾ ಸಮಿತಿ ನೇಮಿಸಿತು. 2023ರ ಜನವರಿಯಲ್ಲಿ ಶಂಕರ್ ಮೋಹನ್ ರಾಜೀನಾಮೆ ಕೊಟ್ಟರು, ತಿಂಗಳ ಕೊನೆಗೆ ಅಡೂರ್ ಕೂಡ. ಆ ಕುರ್ಚಿಗೆ ಮುಂದೆ ಸಯೀದ್ ಅಖ್ತರ್ ಮಿರ್ಜಾ ಬಂದರು.

ಈ ಪ್ರಕರಣದಲ್ಲಿ ಗಮನಿಸಬೇಕಾದದ್ದು ರಾಜೀನಾಮೆಗಳನ್ನಲ್ಲ. ವಿದ್ಯಾರ್ಥಿಗಳು ತಮ್ಮ ಅಂಕ, ತಮ್ಮ ಹಾಸ್ಟೆಲು, ತಮ್ಮ ಶುಲ್ಕಕ್ಕೆ ಹೋರಾಟ ಸೀಮಿತಗೊಳಿಸಲಿಲ್ಲ. ನೆಲ ಒರೆಸುವ ಹೆಂಗಸರ ದೂರನ್ನೂ ತಮ್ಮ ಬೇಡಿಕೆಗಳ ಪಟ್ಟಿಗೆ ಸೇರಿಸಿಕೊಂಡರು. ಯಾವ ಸಂಸ್ಥೆ ಎಷ್ಟು ಒಳಗೊಳ್ಳುತ್ತದೆ ಎಂಬುದನ್ನು ಅದರ ಪ್ರಾಸ್ಪೆಕ್ಟಸ್ ನೋಡಿ ತಿಳಿಯಲಾಗದು. ಅಲ್ಲಿ ಕಸ ಗುಡಿಸುವವರನ್ನು ಕೇಳಬೇಕು.

ಅಡೂರ್ ಈ ವಿಷಯವನ್ನು ಅಲ್ಲಿಗೇ ಬಿಡಲಿಲ್ಲ. 2025ರ ಆಗಸ್ಟ್‌ನಲ್ಲಿ ತಿರುವನಂತಪುರದಲ್ಲಿ ನಡೆದ ಚಲನಚಿತ್ರ ನೀತಿ ಸಮಾವೇಶದ ಸಮಾರೋಪದಲ್ಲಿ ಅವರು ಮಾತನಾಡಿದರು. ಕೇರಳ ಚಲನಚಿತ್ರ ಅಭಿವೃದ್ಧಿ ನಿಗಮ ಮಹಿಳೆಯರಿಗೆ, ಪರಿಶಿಷ್ಟ ಜಾತಿ–ಪಂಗಡದವರಿಗೆ ಸಿನಿಮಾ ಮಾಡಲು ಒಂದೂವರೆ ಕೋಟಿ ರೂಪಾಯಿವರೆಗೆ ನೆರವು ನೀಡುವ ಯೋಜನೆ ನಡೆಸುತ್ತಿದೆ. ಆ ಮೊತ್ತ ಹೆಚ್ಚಾಯಿತು, ಅದನ್ನೇ ಐವತ್ತೈವತ್ತು ಲಕ್ಷದಂತೆ ಮೂವರಿಗೆ ಹಂಚಿ, ಅದಕ್ಕೂ ಮೊದಲು ಪರಿಣತರಿಂದ ಕನಿಷ್ಠ ಮೂರು ತಿಂಗಳ ತೀವ್ರ ತರಬೇತಿ ಕೊಡಿಸಿ ಎಂಬುದು ಅವರ ಸಲಹೆಯ ಸಾರಾಂಶ. ಸಭೆಯಲ್ಲಿದ್ದ ಗಾಯಕಿ ಪುಷ್ಪವತಿ ಅಲ್ಲೇ ಎದ್ದುನಿಂತು ಪ್ರತಿಭಟಿಸಿದರು. ಸಂಸ್ಕೃತಿ ಸಚಿವ ಸಜಿ ಚೆರಿಯಾನ್ ಅದೇ ವೇದಿಕೆಯಲ್ಲಿ ಯೋಜನೆಯನ್ನು ಸಮರ್ಥಿಸಿಕೊಂಡರು. ಮುಂದಿನ ವಾರವಿಡೀ ಕೇರಳದ ಟಿ.ವಿ. ಚಾನೆಲ್‌ಗಳಿಗೆ ಬೇರೆ ಕೆಲಸವಿರಲಿಲ್ಲ.

ಅಡೂರರ ಮಾತಿನಲ್ಲಿ ಅರ್ಧ ಸರಿ ಇದೆ. ಸಿನಿಮಾ ಮಾಡಲು ತರಬೇತಿ ಬೇಕು. ಅವರಿಗೂ ಬೇಕಾಗಿತ್ತು. 1962ರಲ್ಲಿ ಸರ್ಕಾರಿ ನೌಕರಿ ಬಿಟ್ಟು ಅವರು ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟ್ ಸೇರಿದರು, ಭಾರತ ಸರ್ಕಾರದ ವಿದ್ಯಾರ್ಥಿವೇತನ ಪಡೆದೇ ಓದಿದರು. ಮೊದಲ ಚಿತ್ರ ‘ಸ್ವಯಂವರಂ’ಗೆ (1972) ಸರ್ಕಾರಿ ಸ್ವಾಮ್ಯದ ಫಿಲ್ಮ್ ಫೈನಾನ್ಸ್ ಕಾರ್ಪೊರೇಷನ್ ಒಂದೂವರೆ ಲಕ್ಷ ರೂಪಾಯಿ ಸಾಲ ಕೊಟ್ಟಿತು. ಅದು ಸಾಲ, ಇದು ನೆರವು, ನಿಜ. ಆದರೂ ಸಾರ್ವಜನಿಕರ ಹಣದಿಂದ ಕಲಿತು, ಸಾರ್ವಜನಿಕರ ಹಣದಿಂದ ಮೊದಲ ಸಿನಿಮಾ ಮಾಡಿದವರು ಭಾರತೀಯ ಚಿತ್ರರಂಗದ ಹಿರಿಯರಾಗಿ ಬೆಳೆದದ್ದು ಈ ಬಗೆಯ ನೆರವಿನ ಪರವಾದ ಸಾಕ್ಷ್ಯವೇ ಹೊರತು ವಿರೋಧವಾದುದಲ್ಲ.

ಯೋಜನೆಯಲ್ಲಿ ತಯಾರಾದ ಚಿತ್ರಗಳನ್ನು ನೋಡಿದರೂ ಹಣ ಪೋಲಾಯಿತು ಎನ್ನುವಂತಿಲ್ಲ. ತಾರಾ ರಾಮಾನುಜನ್ ಅವರ ‘ನಿಷಿದ್ಧೊ’, ಶ್ರುತಿ ಶರಣ್ಯಂ ಅವರ ‘ಬಿ 32 ಮುದಲ್ 44 ವರೆ’, ಶಿವರಂಜಿನಿಯವರ ‘ವಿಕ್ಟೋರಿಯಾ’ ಚಿತ್ರೋತ್ಸವಗಳಲ್ಲಿ ಹೆಸರು ಮಾಡಿವೆ. ನಿರ್ದೇಶಕಿಯರ ದೂರು ಬೇರೆಯೇ ಇತ್ತು. ಚಿತ್ರ ಮುಗಿದರೂ ಬಿಡುಗಡೆಗೆ ಕಚೇರಿಯಿಂದ ಕಚೇರಿಗೆ ಅಲೆಯಬೇಕಾಯಿತು ಎಂಬುದು.

ತರಬೇತಿಯ ವಾದ ಎತ್ತಿದವರಲ್ಲಿ ಅಡೂರ್ ಮೊದಲಿಗರೇನೂ ಅಲ್ಲ. 2022ರ ಜುಲೈನಲ್ಲಿ ‘ಅಯ್ಯಪ್ಪನುಂ ಕೋಶಿಯುಂ’ ಚಿತ್ರದ ಹಾಡಿಗೆ ಅಟ್ಟಪಾಡಿಯ ಇರುಳ ಸಮುದಾಯದ ನಂಜಿಯಮ್ಮನಿಗೆ ಅತ್ಯುತ್ತಮ ಗಾಯಕಿ ರಾಷ್ಟ್ರಪ್ರಶಸ್ತಿ ಘೋಷಣೆಯಾದಾಗ, ಜೀವಮಾನವಿಡೀ ಸಂಗೀತ ಕಲಿತವರಿಗೆ ಇದು ಅವಮಾನ ಎಂದು ಒಬ್ಬ ಸಂಗೀತಗಾರರು ಗೊಣಗಿದರು. ಕಾಡಿನಲ್ಲಿ ಮೇಕೆ ಮೇಯಿಸುತ್ತ ಹಾಡಿದ್ದು ಅವರ ಲೆಕ್ಕದಲ್ಲಿ ಅಭ್ಯಾಸವಲ್ಲ! ಒಬ್ಬರಿಗೆ ಕಲಿಯುವ ಜಾಗದ ಬಾಗಿಲು ಹಾಕುವುದು, ಆಮೇಲೆ ನೀವು ಕಲಿತಿಲ್ಲವಲ್ಲ ಎನ್ನುವುದು: ಈ ವಾದದ ಸೊಗಸೇ ಅದು.

ಬಾಗಿಲು ಹಾಕಿದೆ ಎಂದು ವಯನಾಡಿನಲ್ಲಿ ಕೆಲವರು ಕೈಕಟ್ಟಿ ಕೂರಲಿಲ್ಲ. ನಡವಯಲ್‌ನಲ್ಲಿ ಕೆ.ಜೆ. ಬೇಬಿ ಮತ್ತು ಅವರ ಪತ್ನಿ ಷೆರ್ಲಿ 1994ರಲ್ಲಿ ‘ಕನವು’ ಎಂಬ ಶಾಲೆ ಕಟ್ಟಿದರು. ಬೇಬಿ ಕಣ್ಣೂರು ಕಡೆಯಿಂದ ವಲಸೆ ಬಂದ ಕುಟುಂಬದವರು. ಅಡಿಯರ ಗದ್ದಿಕೆ ಆಚರಣೆಯನ್ನು ಆಧರಿಸಿ ‘ನಾಡುಗದ್ದಿಕೆ’ ನಾಟಕ ಮಾಡಿ 1980ರ ದಶಕದ ಆರಂಭದಲ್ಲಿ ಜೈಲು ಕಂಡವರು. ‘ಮಾವೇಲಿ ಮನ್ರಂ’ ಕಾದಂಬರಿಗೆ ಕೇರಳ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದವರು. ಕನವಿನಲ್ಲಿ ಪರೀಕ್ಷೆ ಇರಲಿಲ್ಲ. ಪಣಿಯ, ಕಾಟ್ಟುನಾಯ್ಕ, ಕುರಿಚ್ಯ ಮಕ್ಕಳು ಅಲ್ಲೇ ಉಳಿದು ಹಾಡು, ಕಳರಿಪಯಟ್ಟು, ಕೃಷಿ, ಓದು–ಬರಹ ಕಲಿತರು. ಜೊತೆಗೆ ಸಿನಿಮಾವನ್ನೂ. ಬೇಬಿ ಕಾಟ್ಟುನಾಯ್ಕರ ಬದುಕಿನ ಮೇಲೆ ‘ಗುಡ’ ಎಂಬ ಚಿತ್ರ ಮಾಡಿದಾಗ ಈ ಮಕ್ಕಳೇ ತಂಡವಾದರು. 2006ರಲ್ಲಿ ಬೇಬಿ ದಂಪತಿ ಶಾಲೆಯನ್ನು ಅಲ್ಲಿ ಬೆಳೆದ ಮಕ್ಕಳ ಕೈಗೇ ಒಪ್ಪಿಸಿ ಹಿಂದೆ ಸರಿದರು. ಬೇಬಿ 2024ರ ಸೆಪ್ಟೆಂಬರ್ 1ರಂದು ತೀರಿಕೊಂಡರು.

ಅಲ್ಲಿ ಕಲಿತವರಲ್ಲಿ ಲೀಲಾ ಸಂತೋಷ್ ಒಬ್ಬರು. ಪಣಿಯ ಸಮುದಾಯದವರು. ತಮ್ಮವರು ನೆಲ ಕಳೆದುಕೊಂಡ ಕಥೆಯನ್ನು ಸಾಕ್ಷ್ಯಚಿತ್ರವಾಗಿಸಿ ಕೇರಳದ ಮೊದಲ ಆದಿವಾಸಿ ಚಿತ್ರನಿರ್ದೇಶಕಿ ಎನಿಸಿಕೊಂಡರು. ಯಾವ ಸರ್ಕಾರಿ ಫಿಲ್ಮ್ ಸ್ಕೂಲಿನ ಸರ್ಟಿಫಿಕೇಟೂ ಅವರಲ್ಲಿಲ್ಲ. ಫಿಲ್ಮ್ ಸ್ಕೂಲುಗಳು ತಮ್ಮಲ್ಲಿ ಯಾರಿದ್ದಾರೆ ಎಂದು ಎಣಿಸಿದರೆ ಸಾಲದು, ತಮ್ಮ ಹೊರಗೆ ಯಾರು ತಯಾರಾದರು ಎಂಬುದನ್ನೂ ನೋಡಬೇಕು.

ಪ್ರವೇಶದ ಮೆಟ್ಟಿಲಲ್ಲೇ ಎಡವಿಸುವ ಕಲ್ಲುಗಳು ಹಲವು. ದುಡ್ಡು ಒಂದು: 2019ರ ಡಿಸೆಂಬರ್‌ನಲ್ಲಿ ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನ ವಿದ್ಯಾರ್ಥಿಗಳು ಶುಲ್ಕ ಏರಿಕೆಯ ವಿರುದ್ಧ ಉಪವಾಸ ಕೂತರು, ಪ್ರವೇಶ ಪರೀಕ್ಷೆಯ ಶುಲ್ಕವೇ ಹತ್ತು ಸಾವಿರ ರೂಪಾಯಿವರೆಗೆ ಮುಟ್ಟಿದೆ ಎಂಬುದು ಅವರ ಆಕ್ಷೇಪವಾಗಿತ್ತು. ದೇಹದ ಬಗೆಗಿನ ತಪ್ಪು ಕಲ್ಪನೆ ಇನ್ನೊಂದು. ಸಂಕಲನ ವಿಭಾಗಕ್ಕೆ ಆಯ್ಕೆಯಾದ ಪಟ್ನಾದ ಯುವಕನೊಬ್ಬನನ್ನು ವರ್ಣಾಂಧತೆಯ ಕಾರಣಕ್ಕೆ ಅದೇ ಸಂಸ್ಥೆ ಕೈಬಿಟ್ಟಿತ್ತು. ಆತ ಸುಪ್ರೀಂ ಕೋರ್ಟ್‌ವರೆಗೆ ಹೋದ. 2022ರ ಏಪ್ರಿಲ್‌ನಲ್ಲಿ ನ್ಯಾಯಾಲಯ, ವರ್ಣಾಂಧರನ್ನು ಎಲ್ಲ ಕೋರ್ಸ್‌ಗಳಿಗೂ ಸೇರಿಸಿಕೊಳ್ಳಬೇಕು, ಅಡ್ಡಿಯಾಗುವ ಪಾಠಭಾಗವಿದ್ದರೆ ಪಠ್ಯವನ್ನೇ ಬದಲಿಸಿಕೊಳ್ಳಿ ಎಂದಿತು. ಸಿನಿಮಾ ಹಲವರು ಕೂಡಿ ಮಾಡುವ ಕೆಲಸ, ಬಣ್ಣ ನೋಡಲು ಪಕ್ಕದವರಿದ್ದಾರೆ ಎಂಬ ಸರಳ ತಿಳಿವಳಿಕೆಗೆ ಆರು ವರ್ಷ ಹಿಡಿಯಿತು.

ಕಣ್ಣಿಗೆ ಕಾಣದ ಕಲ್ಲು ಸಂದರ್ಶನದ್ದು. ಮೇಜಿನಾಚೆ ಕೂತವರು ನಿಮಗೆ ಇಷ್ಟವಾದ ಸಿನಿಮಾ ಯಾವುದು ಎನ್ನುತ್ತಾರೆ. ಕೊಚ್ಚಿಯ ಹುಡುಗ ತಾರ್ಕೋವ್‌ಸ್ಕಿ ಎನ್ನುತ್ತಾನೆ. ಟೆಂಟು ಹಾಕಿ ಕಾಡಿನಲ್ಲಿ ಕ್ಯಾಮೆರಾ ಇಟ್ಟವರನ್ನು ಮಾತ್ರ ನೋಡಿ ಬೆಳೆದ ಹುಡುಗಿ ಏನೆನ್ನಬೇಕು? ನೆನಪಿನಿಂದ ಒಂದು ಘಟನೆಯನ್ನು ಹೇಳು, ಅದರ ಸದ್ದುಗಳನ್ನು ವಿವರಿಸು ಎಂದು ಕೇಳಿ ನೋಡಲಿ. ಯಾರ ಕಿವಿ ಚುರುಕು ಎಂಬುದು ಆಗ ಗೊತ್ತಾಗುತ್ತದೆ.

ಅದಕ್ಕೊಂದು ನಿದರ್ಶನ ವಯನಾಡಿನಲ್ಲೇ ಇದೆ. ಇಲ್ಲಿನ ನಿತಿನ್ ಲೂಕೋಸ್ ಪುಣೆಯಲ್ಲಿ ಧ್ವನಿ ವಿನ್ಯಾಸ ಕಲಿತರು. ಮಂಡ್ಯದ ನೊದೆಕೊಪ್ಪಲಿನ ಜನರೇ ನಟಿಸಿದ ರಾಮ್ ರೆಡ್ಡಿಯವರ ‘ತಿಥಿ’ಯಲ್ಲಿ ಕನ್ನಡಿಗರು ಕೇಳಿದ ಊರಿನ ಸದ್ದುಗಳ ಹಿಂದೆ ಈ ವಯನಾಡಿನ ಕಿವಿ ಇತ್ತು. ಮುಂದೆ ನಿತಿನ್ ತಮ್ಮೂರಿಗೇ ಮರಳಿ, ಎರಡು ಕುಟುಂಬಗಳ ಹಗೆಯ ಕಥೆ ‘ಪಕ’ ಮಾಡಿದರು. ಅದು 2021ರಲ್ಲಿ ಟೊರಾಂಟೊ ಚಿತ್ರೋತ್ಸವ ತಲುಪಿತು. ಆದರೆ ನಿತಿನ್ ವಲಸಿಗ ಕ್ರೈಸ್ತ ಸಮುದಾಯದವರು. ‘ಮಿನ್ನಲ್ ಮುರಳಿ’ಯ ಬೇಸಿಲ್ ಜೋಸೆಫ್ ಕೂಡ ಬತ್ತೇರಿಯವರೇ. ವಯನಾಡು ಚಿತ್ರರಂಗಕ್ಕೆ ನಿರ್ದೇಶಕರನ್ನು ಕೊಟ್ಟಿಲ್ಲವೆಂದಲ್ಲ. ಕಾಡಂಚಿನ ಹಾಡಿಗಳು ಆ ಪಟ್ಟಿಯಲ್ಲಿ ಕಾಣುವುದಿಲ್ಲ, ಅಷ್ಟೇ.

ಭಾಷೆಯ ವಿಷಯದಲ್ಲಿ ಪುಣೆ, ಕೊಲ್ಕತ್ತಾಗಳ ಸಂಸ್ಥೆಗಳು ಒಂದಿಷ್ಟು ಉದಾರವಾಗಿವೆ. ಮೈಸೂರಿನ ವೈದ್ಯ ಚಿದಾನಂದ ಎಸ್. ನಾಯ್ಕ್ ಪುಣೆಯಲ್ಲಿ ಕಲಿಯುವಾಗ, ಕೋಳಿ ಕದ್ದ ಅಜ್ಜಿಯ ಜನಪದ ಕಥೆಯನ್ನು ಕನ್ನಡದಲ್ಲೇ ಕಿರುಚಿತ್ರ ಮಾಡಿದರು. 2024ರಲ್ಲಿ ಅದು ಕಾನ್ ಚಿತ್ರೋತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ಕೊಲ್ಕತ್ತಾದ ಸತ್ಯಜಿತ್ ರೇ ಸಂಸ್ಥೆಯಲ್ಲಿ ಓದಿದ ಜಾರ್ಖಂಡಿನ ನಿರಂಜನ್ ಕುಜೂರ್ ತಮ್ಮ ತಾಯ್ನುಡಿ ಕುಡುಖ್‌ನಲ್ಲಿ ಚಿತ್ರ ತೆಗೆದರು. ಮನೆಮಾತಿನಲ್ಲಿ ಸಿನಿಮಾ ಮಾಡು ಎನ್ನುವುದಕ್ಕೆ ಹೆಚ್ಚುವರಿ ಅನುದಾನ ಬೇಕಿಲ್ಲ. ಪಣಿಯ ಮಾತಿನಲ್ಲಿ ಡಿಪ್ಲೊಮಾ ಚಿತ್ರ ಬರಲು ಅಡ್ಡಿ ಇರುವುದು ಭಾಷೆಯದ್ದಲ್ಲ, ಸೀಟಿನದ್ದು.

ವಿದ್ಯಾರ್ಥಿ ಸ್ಕೂಲಿಗೆ ಬರಲಾಗದಿದ್ದರೆ ಸ್ಕೂಲೇ ಹೋಗಬಹುದು. ಕನ್ನಡಿಗರಿಗೆ ಇದು ಹೊಸದಲ್ಲ. 1970ರ ದಶಕದಲ್ಲಿ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ನೀನಾಸಂ ಚಿತ್ರಸಮಾಜ ಕಟ್ಟಿ, ಅಡಿಕೆ ತೋಟದ ನಡುವೆ ಕುರೊಸಾವ, ಬರ್ಗ್‌ಮನ್, ರೇ ಚಿತ್ರಗಳನ್ನು ಹಳ್ಳಿಯವರಿಗೆ ತೋರಿಸಿದರು. ಪುಣೆಯಿಂದ ಸತೀಶ್ ಬಹಾದೂರ್ ಬಂದು ಚಿತ್ರ ರಸಗ್ರಹಣ ಶಿಬಿರಗಳಲ್ಲಿ ಪಾಠ ಮಾಡಿದರು. ಕೆನಡಾದ ಕ್ವಿಬೆಕ್‌ನಲ್ಲಿ ಮನೋನ್ ಬಾರ್ಬೊ ಎಂಬ ನಿರ್ದೇಶಕಿ 2000ದ ದಶಕದ ಆರಂಭದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಟಿಕಾಮೆಕ್ ಮೂಲನಿವಾಸಿಗಳ ಜೊತೆಗೂಡಿ ‘ವಾಪಿಕೋನಿ ಮೊಬೈಲ್’ ಆರಂಭಿಸಿದರು. ಕ್ಯಾಮೆರಾ, ಸಂಕಲನದ ಮೇಜು, ಧ್ವನಿಗ್ರಹಣದ ಸಲಕರಣೆ ತುಂಬಿದ ವಾಹನ ಮೂಲನಿವಾಸಿಗಳ ಹಳ್ಳಿಗೆ ಹೋಗಿ ವಾರಗಟ್ಟಲೆ ನಿಲ್ಲುತ್ತದೆ. ಹುಡುಗ ಹುಡುಗಿಯರು ಕಲಿಯುತ್ತಲೇ ಕಿರುಚಿತ್ರ ಮಾಡುತ್ತಾರೆ, ಕೊನೆಯ ದಿನ ಊರವರಿಗೆಲ್ಲ ಪ್ರದರ್ಶನ. ಲಾರಿ ಅಪಘಾತದಲ್ಲಿ ಸತ್ತ ಅಲ್ಲಿನ ಹುಡುಗಿಯೊಬ್ಬಳ ಹೆಸರನ್ನೇ ಸಂಸ್ಥೆಗೆ ಇಡಲಾಗಿದೆ.

ರೈಲು ಹಳಿಯೇ ಇಲ್ಲದ ವಯನಾಡಿಗೆ ಇಂಥ ವಾಹನ ಹೇಳಿ ಮಾಡಿಸಿದ್ದು. ಕಲಿಸುವವರಿಗೂ ಕೊರತೆಯಿಲ್ಲ. 2017ರಲ್ಲಿ ಕೇರಳ ಸರ್ಕಾರ ‘ಗೋತ್ರಬಂಧು’ ಯೋಜನೆಯಡಿ ವಯನಾಡಿನ ಪ್ರಾಥಮಿಕ ಶಾಲೆಗಳಿಗೆ ಆದಿವಾಸಿ ಸಮುದಾಯಗಳಿಂದಲೇ ಇನ್ನೂರಕ್ಕೂ ಹೆಚ್ಚು ಮಾರ್ಗದರ್ಶಿ ಶಿಕ್ಷಕರನ್ನು ನೇಮಿಸಿತು. ಮಲಯಾಳಂ ಪಾಠ ಅರ್ಥವಾಗದೆ ಶಾಲೆ ಬಿಡುತ್ತಿದ್ದ ಮಕ್ಕಳಿಗೆ ಅವರದೇ ಮಾತಿನಲ್ಲಿ ವಿವರಿಸಿ ಹೇಳುವುದು ಇವರ ಕೆಲಸ. ತರಗತಿಯಲ್ಲಿ ತನ್ನವರೊಬ್ಬರಿದ್ದರೆ ಆಗುವ ವ್ಯತ್ಯಾಸ ಫಿಲ್ಮ್ ಸ್ಕೂಲಿನಲ್ಲೂ ಆಗುತ್ತದೆ. ಅಲ್ಲಿಗೆ ಹೋದ ಒಬ್ಬಂಟಿ ವಿದ್ಯಾರ್ಥಿ ಮೊದಲ ವರ್ಷ ಕೇಳಿಸಿಕೊಳ್ಳುವುದು ಕ್ಯಾಮೆರಾದ ಬಗ್ಗೆಯಷ್ಟೇ ಅಲ್ಲ, ತನ್ನ ಮಲಯಾಳಂ ಉಚ್ಚಾರಣೆಯ ಬಗ್ಗೆಯೂ.

ಗಡಿಯ ಈಚೆಗೂ ಒಮ್ಮೆ ತಿರುಗಿ ನೋಡಬೇಕು. ಬೆಂಗಳೂರಿನ ಎಸ್‌.ಜೆ. ಪಾಲಿಟೆಕ್ನಿಕ್‌ನಲ್ಲಿ 1940ರ ದಶಕದಲ್ಲೇ ಛಾಯಾಗ್ರಹಣ ಕಲಿಸುತ್ತಿದ್ದರು, ವಿ.ಕೆ. ಮೂರ್ತಿ, ಗೋವಿಂದ ನಿಹಲಾನಿ ಅಲ್ಲಿಂದಲೇ ಬಂದವರು. ಆ ಪರಂಪರೆ ಈಗ ಹೆಸರಘಟ್ಟದ ಸರ್ಕಾರಿ ಸಂಸ್ಥೆಯಲ್ಲಿದೆ. ಬಂಡೀಪುರ, ನಾಗರಹೊಳೆಗಳ ಅಂಚಿನ ಹಾಡಿಗಳಿಂದ ಅಲ್ಲಿಗೆ ಎಷ್ಟು ಮಕ್ಕಳು ಹೋದರು ಎಂಬ ಪ್ರಶ್ನೆಯನ್ನು ಕೇರಳದವರಂತೆ ನಾವು ಬೀದಿಯಲ್ಲಿ ನಿಂತು ಕೇಳಿಯೇ ಇಲ್ಲ.

ಲೀಲಾ ಸಂತೋಷ್ ಅವರ ಹೆಸರು 2018ರ ಜುಲೈನಲ್ಲಿ ಮತ್ತೆ ಸುದ್ದಿಯಾಯಿತು. ತಾಮರಶ್ಶೇರಿ ಘಾಟಿಯ ದಾರಿಯನ್ನು ಬ್ರಿಟಿಷರಿಗೆ ತೋರಿಸಿಕೊಟ್ಟು, ಅದೇ ಕಾರಣಕ್ಕೆ ಕೊಲೆಯಾದ ಎಂದು ಜನ ನಂಬುವ ಪಣಿಯ ನಾಯಕ ಕರಿಂತಂಡನ್‌ನ ಕಥೆಯನ್ನು ಅವರು ಪೂರ್ಣಪ್ರಮಾಣದ ಚಿತ್ರವಾಗಿ ನಿರ್ದೇಶಿಸುವುದಾಗಿ ಘೋಷಣೆಯಾಯಿತು. ನಿರ್ಮಾಣಕ್ಕೆ ನಿಂತದ್ದು ಪುಣೆಯಲ್ಲಿ ಕಲಿತ ರಾಜೀವ್ ರವಿಯವರ ‘ಕಲೆಕ್ಟಿವ್ ಫೇಸ್ ಒನ್’. ನಾಯಕ ವಿನಾಯಕನ್, ‘ಕಮ್ಮಟ್ಟಿಪ್ಪಾಡಂ’ಗೆ ರಾಜ್ಯದ ಅತ್ಯುತ್ತಮ ನಟ ಪ್ರಶಸ್ತಿ ಪಡೆದವರು. ಪೋಸ್ಟರ್ ಬಂತು, ಸಿನಿಮಾ ಇನ್ನೂ ಬಂದಿಲ್ಲ. ಬೆಟ್ಟ, ಕಾಡು, ಹಳೆಯ ಕಾಲ, ನೂರಾರು ಜನ ಬೇಕಾದ ಕಥೆ. ಒಂದೂವರೆ ಕೋಟಿಯಲ್ಲಿ ಮುಗಿಯುವುದು ಅನುಮಾನ, ಐವತ್ತು ಲಕ್ಷದಲ್ಲಂತೂ ಘಾಟಿ ಹತ್ತುವುದೂ ಕಷ್ಟ. 2018ರ ಆ ಪೋಸ್ಟರಿನ ಹಿಂದಿದ್ದ ಮೂವರಲ್ಲಿ ಯಾರಿಗೆ ಮೂರು ತಿಂಗಳ ತರಬೇತಿಯ ಕೊರತೆ ಇತ್ತು ಎಂದು ಅಡೂರರನ್ನು ಯಾರಾದರೂ ಕೇಳಬೇಕು.